ಬಾಳೆನಾರಿನ ಗೋರಟೆ ಮಾಲೆ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರುಸಂದಿ ಯಾವಾಗಲೂ ಹಸಿರಾಗಿರುತ್ತಿತ್ತು. ಗಿಡದ ತುದಿಗಳನ್ನು ಆಕೆ ಉಗುರಿನಿಂದಲೇ ಚಿವುಟುತ್ತಿದ್ದಳು. ಖಾನಾಪುರದ ಮನೆಯ ಮುಂದೆ ಒಂದು ಸಾಲು ಗೋರಟೆ ಗಿಡ. ಚಳಿ ಬಿದ್ದರೆ ಮೈತುಂಬ ತಿಳಿನೇರಳೆ ಹೂವು. ಹೂವು ಮುಗಿದ ಮೇಲೆ ಚಿವುಟಬೇಕು, ಮಳೆಗಾಲ ಕಳೆದ ಮೇಲೆ ತುದಿ ಮುಟ್ಟಬಾರದು, ಇಷ್ಟೇ ಆಕೆಯ ಕಟ್ಟಳೆ. ಮಾಲೆಯನ್ನು ನೆನೆಸಿದ ಬಾಳೆನಾರಿನಲ್ಲೇ ಕಟ್ಟುವಳು. ದಾರ ಹೂವಿನ ಕುತ್ತಿಗೆ ಕೊಯ್ಯುತ್ತದೆ ಎನ್ನುವಳು. ಬಾಜೂ ಮನೆಯಾಕೆಗೂ ಹಾಗೇ ಕಲಿಸಿದ್ದಳು.

ಐದನೇ ಇಯತ್ತೆಗೆ ಶಾಲೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ಕೈಹಿಡಿದು ಆಟೋ ನಗರದ ಗ್ಯಾರೇಜಿಗೆ ಸೇರಿಸಿದವಳು ಆಕೆ. ಕಡೆಯ ವರ್ಷ ಕಣ್ಣು ಮಂಜಾಗಿ, ಕಾಲು ಬಾತು, ಖಾಸಬಾಗದ ನನ್ನ ಮನೆಗೆ ಬಂದಳು. ಗಿಡಗಳನ್ನು ನನಗೆ ಒಪ್ಪಿಸಿದಳು.

ದೀಪಾವಳಿಗೆ ಮನೆ ಸ್ವಚ್ಛ ಮಾಡಲೆಂದು ಖಾನಾಪುರಕ್ಕೆ ಹೋದವನು, ಅದೇ ಹುರುಪಿನಲ್ಲಿ ಗ್ಯಾರೇಜಿನ ತಗಡು ಕತ್ತರಿಸುವ ಕತ್ತರಿಯಿಂದ ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಸಮ ಮಾಡಿದೆ. ಬಾಜೂ ಮನೆಯಾಕೆ ಗೋಡೆಯಾಚೆಯಿಂದ, “ಗಿಡಕ್ಕ ಕಟಿಂಗ್ ಮಾಡಿದ್ರೇನ್ರಿ ಅಣ್ಣಾರ? ಮೊಗ್ಗಿ ಎಲ್ಲಾ ನೆಲದಾಗ ಬಿದ್ದಾವಲ್ರಿ” ಎಂದಳು. ಬಗ್ಗಿ ನೋಡಿದೆ. ಒಂದೊಂದು ತುದಿಯಲ್ಲೂ ಅಕ್ಕಿಕಾಳಿನಂಥ ಮೊಗ್ಗುಗಳು.

ಖಾಸಬಾಗಕ್ಕೆ ಬಂದು ಅಕ್ಕನಿಗೆ ಹೇಳಲಿಲ್ಲ. ಚಳಿ ಏರಿದಂತೆ ಅಕ್ಕ ದಿನಾ ಕೇಳತೊಡಗಿದಳು, ಅರಳಿದವೇನು ಎಂದು. ಒಮ್ಮೆ ಮುಟ್ಟಿ ನೋಡಿದರೆ ಸಾಕು ಎಂದಳು. ಪೇಟೆಯಲ್ಲಿ ಗೋರಟೆ ಮಾಲೆ ಕೊಂಡು ತಂದೆ. ನಮ್ಮ ಗಿಡದ್ದೇ, ಬಾಜೂ ಮನೆಯಾಕೆ ಕಟ್ಟಿ ಕೊಟ್ಟಳು ಎಂದು ಆಕೆಯ ಕೈಯಲ್ಲಿಟ್ಟೆ.

ಬೆರಳು ಹೂವುಗಳ ಮೇಲೆ ನಿಧಾನ ಸರಿಯಿತು. ಗಂಟಿನ ಹತ್ತಿರ ನಿಂತಿತು. ಅದು ದಾರವೆಂದು ನನಗೆ ಆಗ ಹೊಳೆಯಿತು.

“ಚಲೋ ಬಂದಾವ, ತಮ್ಮಾ” ಎಂದಳು. “ತುದಿ ಮುಟ್ಟಿಲ್ಲಲ್ಲಾ?”

“ಇಲ್ಲಕ್ಕಾ.”

ಆಮೇಲೆ ಆಕೆ ಗಿಡದ ಮಾತೆತ್ತಲಿಲ್ಲ. ಸಂಕ್ರಾಂತಿ ನೋಡಲಿಲ್ಲ. ಹಾಸಿಗೆ ಎತ್ತುವಾಗ ದಿಂಬಿನ ಕೆಳಗೆ ಆ ದಾರ ಸಿಕ್ಕಿತು, ಗಂಟುಗಳನ್ನೆಲ್ಲ ಬಿಚ್ಚಿ, ನೀಟಾಗಿ ಸುತ್ತಿಟ್ಟದ್ದು.

ವರ್ಷ ಕಳೆದು ಈ ಚಳಿಗೆ ಗಿಡಗಳು ಎಂದಿಗಿಂತ ಹೆಚ್ಚು ಅರಳಿವೆ. ಬಾಳೆನಾರು ನೆನೆಸಿಕೊಂಡು ಖಾನಾಪುರದ ಹೊಸ್ತಿಲಲ್ಲಿ ಕೂರುತ್ತೇನೆ. ನಟ್ಟು ಬಿಗಿಯುವ ಪಾನಾ ಹಿಡಿದ ಕೈಗೆ ನಾರಿನ ಗಂಟು ನಿಲ್ಲುವುದಿಲ್ಲ. ಹೂವೆತ್ತಿಕೊಂಡಾಗೆಲ್ಲ ನನ್ನ ಬೆರಳ ಮೇಲೆ ಇನ್ನೊಂದು ಬೆರಳು ನಿಧಾನ ಸರಿದು, ಗಂಟಿನ ಹತ್ತಿರ ನಿಲ್ಲುತ್ತದೆ. ಅದೇ ಪ್ರಶ್ನೆ ಕೇಳುತ್ತದೆ.

ತುದಿ ಮುಟ್ಟೀನಿ, ಅಕ್ಕಾ, ಎನ್ನುತ್ತೇನೆ. ಬೆರಳು ಸರಿಯುವುದಿಲ್ಲ.