ಅಕ್ಕನ ಕಂಬಳಿ

ಸಂತಪುರದ ಮನೆಯಲ್ಲಿ ಟಗರು ಗುದ್ದಿ ಅವ್ವನ ತಲೆ ಗೋಡೆಗೆ ಬಡಿಯಿತು. ಅರಿಶಿನ ಮೆತ್ತಿ ಮರೆತೆವು. ತಿಂಗಳಾದ ಮೇಲೆ ಅವಳ ಮಾತು ತೊದಲಿತು, ಗುರುತು ತಪ್ಪಿತು. ಬೀದರಿನ ಡಾಕ್ಟರು ಸ್ಕ್ಯಾನ್ ನೋಡಿ, "ಮೆದುಳಿನ ಮ್ಯಾಲ ರಕ್ತ ನಿಂತು ನೀರಾಗ್ಯದರಿ, ತೂತು ಹಾಕಿ ತೆಗಿಬೇಕು" ಅಂದರು.

ಆ ದಿನಗಳಲ್ಲಿ ಅವ್ವ ನನ್ನನ್ನು ಭಾಲ್ಕಿಗೆ ಕೊಟ್ಟ ಅಕ್ಕ ಎಂದೇ ತಿಳಿದಿದ್ದಳು. ಮರಿಗಳ ಮೊದಲ ಉಣ್ಣೆಯ ಮೆತ್ತನೆ ಕಂಬಳಿ ನಮ್ಮಲ್ಲಿ ಯಾವಾಗಲೂ ಅಕ್ಕನಿಗೇ. ನನಗೆ ಮೈ ಚುಚ್ಚುವಂಥದ್ದು. ಅಕ್ಕನಿಗೆಂದು ಎತ್ತಿಟ್ಟಿದ್ದನ್ನೇ ನಾನು ಆಸ್ಪತ್ರೆಗೆ ಒಯ್ದಿದ್ದೆ. ಅವ್ವ ಅದನ್ನು ನನಗೆ ಹೊದಿಸಿ ತಲೆ ಸವರಿದಳು. ನಾನು ಅಕ್ಕನಲ್ಲ ಎಂದು ಹೇಳಲಿಲ್ಲ. ಅಕ್ಕನಿಗೆ ಸುದ್ದಿಯನ್ನೂ ಮುಟ್ಟಿಸಲಿಲ್ಲ. ಬಂದರೆ ಎಲ್ಲ ಅವಳ ಪಾಲಾಗುತ್ತಿತ್ತು.

ಆಪರೇಷನ್ ಆಯಿತು. ನಳಿಕೆಯಲ್ಲಿ ಕಪ್ಪು ನೀರು ಇಳಿದು ಚೀಲ ತುಂಬಿತು. ಮರುದಿನ ಅವ್ವ ನನ್ನನ್ನು ಸರಿಯಾಗಿ ಗುರುತಿಸಿದಳು. ಡಾಕ್ಟರಿಗೆ ಖುಷಿಯೋ ಖುಷಿ.

"ಆ ಕಂಬಳಿ ಯಾಕ ಹೊಚ್ಕೊಂಡಿದಿ? ಅದು ಅಕ್ಕಂದು, ಮಡಚಿ ಇಡು" ಅಂದಳು.

ಮಡಚಿಟ್ಟೆ. ಹೊರಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದೆ.

"ಅವ್ವಗ ಆರಾಮ ಇರಲಿಲ್ಲ. ಈಗ ಪೂರಾ ಮೊದಲಿನಂಗೇ ಆಗ್ಯಾಳ."