ನಾಲಿಗೆಗೆ ಮೂರು ಮನೆಯ ವಿಚಾರಣೆ

ನನ್ನ ನಾಲಿಗೆಯ ಮೇಲೆ ಕೆಂಪು ಕಲೆಗಳೆದ್ದು ದಿನಕ್ಕೊಂದು ಜಾಗ ಬದಲಿಸುತ್ತಿದ್ದವು. ಡಾಕ್ಟರನ್ನು ಕೇಳಲು ಹೆದರಿ, ಕೆಲಸದ ಮೇಲೆ ಬಸವಕಲ್ಯಾಣಕ್ಕೆ ಹೋದಾಗ ಅಲ್ಲಿನ ಇಂಟರ್ನೆಟ್ ಅಂಗಡಿ ಹೊಕ್ಕೆ. ಮೊದಲು ತೆರೆದ ಪುಟ ಕ್ಯಾನ್ಸರ್ ಎಂದಿತು.

ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಬಂದಿದ್ದ ಕೊಹಿನೂರ ಎಂಬ ಹಳ್ಳಿಯ ಹೆಂಗಸೊಬ್ಬರು ಪಕ್ಕದಲ್ಲಿ ಕಾಯುತ್ತಿದ್ದರು.

“ಯಾಕ್ರಿ ಸಾಹೇಬ್ರ, ಮಾರಿ ಹಿಂಗ್ಯಾಕ ಮಾಡೀರಿ?”

ಹೇಳಿದೆ.

“ಹಂಗಂತ ಹೇಳಿದವ ಯಾರು?”

ಪುಟದ ಕೆಳಗೆ ನೋಡಿದೆ. ಕ್ಯಾನ್ಸರಿಗೆ ಚೂರ್ಣ ಮಾರುವವನು.

“ವರ ಹ್ಯಾಂಗದಾನಂತ ಅವರಪ್ಪನ್ನ ಕೇಳಿದಂಗಾತು! ನಾವು ಹೆಣ್ಣು ಕೊಡಬೇಕಾದ್ರ ಮೂರು ಮನಿ ಕೇಳ್ತೇವಿ. ಬ್ಯಾರೆ ಕಡಿ ಕೇಳ್ರಿ.”

ಇನ್ನೊಂದು ಹುಡುಕುತಾಣಕ್ಕೆ ಹೋದೆ. ಅಲ್ಲಿ ಸಿಕ್ಕ ಪುಟದಲ್ಲಿ ಯಾರೋ ತನ್ನ ನಾಲಿಗೆಯ ಬಗ್ಗೆ ಪುಟಗಟ್ಟಲೆ ಅತ್ತಿದ್ದ.

“ಇಂವಾ ತಾನೇ ಅಳಾಕತ್ತಾನ, ಇವಗೇನು ಗೊತ್ತದ? ಮುಂದ ನಡೀರಿ.”

ಮೂರನೆಯದು ವೈದ್ಯರು ಬರೆದದ್ದನ್ನಷ್ಟೇ ಹುಡುಕುವ ತಾಣ. ಅದು ಒಂದು ವೈದ್ಯಕೀಯ ಕಾಲೇಜಿನ ಪುಟ ತೋರಿಸಿತು. ಅದರಲ್ಲಿ ನನ್ನದರಂಥದೇ ನಾಲಿಗೆಯ ಚಿತ್ರವಿತ್ತು.

“ನಾಲಿಗಿ ಹೊರಗ ತಗೀರಿ.”

ತೆಗೆದೆ. ಅಂಗಡಿಯಲ್ಲಿದ್ದವರೆಲ್ಲ ಎದ್ದು ಬಂದು, ಚಿತ್ರಕ್ಕೂ ನನಗೂ ಹೋಲಿಸಿ ನೋಡಿ, ಒಮ್ಮತದಿಂದ ಒಪ್ಪಿದರು. ಇದು ಅಪಾಯವಿಲ್ಲದ ಕಲೆ, ತಾನಾಗಿ ಬಂದು ಹೋಗುತ್ತದೆ ಎಂದು ಪುಟದಲ್ಲಿತ್ತು. ಖುಷಿಗೆ ಎಲ್ಲರಿಗೂ ಭಜಿ ತರಿಸಿದೆ.

“ನಿಮ್ಮ ಮದುವೆಗೂ ಮೂರು ಮನೆ ಕೇಳಿದ್ದರೇ?” ಎಂದು ಆ ಹೆಂಗಸನ್ನು ಕೇಳಿದೆ.

“ಐದು ಮನಿ ಕೇಳಿದ್ರು. ಗೊರಕಿ ಹೊಡೀತಾನಂತ ಒಬ್ರೂ ಹೇಳಲಿಲ್ಲ ನೋಡ್ರಿ.”

ಆ ಮಾತು ಕೇಳಿದ ಮೇಲೆ ನಾಲ್ಕನೆಯ ಮನೆಗೂ ಹೋಗುವುದು ಒಳ್ಳೆಯದೆನಿಸಿತು. ಮರುದಿನ ನಮ್ಮೂರು ಹುಮನಾಬಾದಿನ ಡಾಕ್ಟರು ನಾಲಿಗೆ ನೋಡಿ, ಏನೂ ಇಲ್ಲ ಎಂದರು. ಅವರು ಗೊರಕೆ ಹೊಡೆಯುತ್ತಾರೋ ಇಲ್ಲವೋ, ನಾನು ವಿಚಾರಿಸಲಿಲ್ಲ.