ನಾವು ಮಾರಿದ ತೋಟದಲ್ಲಿ ಮೋಟರ್ ರಿಪೇರಿ

ಹೊನ್ನವಳ್ಳಿ ಹತ್ತಿರ ನಾವು ಮಾರಿದ ತೋಟಕ್ಕೇ ಮೊನ್ನೆ ಮೋಟರ್ ರಿಪೇರಿಗೆ ಹೋಗಿದ್ದೆ. ಕೊಂಡವರು ಅದನ್ನೀಗ ರೆಸಾರ್ಟ್ ಮಾಡಿದ್ದಾರೆ. ವರ್ಷವಿಡೀ ಕಾಯಿ ಒಣಗಿ ಕೊಬ್ಬರಿಯಾಗುತ್ತಿದ್ದ ನಮ್ಮ ಅಟ್ಟದಲ್ಲಿ ಮಂಚ ಹಾಕಿಸಿದ್ದಾರೆ. ಬಂದವರ ತಲೆ ಮೇಲೆ ಕಾಯಿ ಬಿದ್ದಾವು ಅಂತ ಎಳನೀರಾಗಿದ್ದಾಗಲೇ ಗೊನೆ ಇಳಿಸಿಬಿಡ್ತಾರಂತೆ.

ನಾನು ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದಾಗ ಮಾಲೀಕರು ಬಂದು ಮೊಬೈಲ್‌ನಲ್ಲಿ ಫೋಟೊ ತೋರಿಸಿದರು. ಇಂಡೋನೇಷ್ಯಾದ ಯಾವುದೋ ಹಳ್ಳಿ. ನಮ್ಮಂಥದೇ ತೆಂಗು, ನಮ್ಮಂಥದೇ ಹೆಂಚಿನ ಮನೆ.

"ಎಷ್ಟು ಶಾಂತವಾಗಿದೆ ನೋಡಿ. ಅಲ್ಲಿಯವರು ಕಂಡವರನ್ನೆಲ್ಲ ನಗುನಗ್ತಾ ಮಾತಾಡಿಸ್ತಾರೆ. ನಿಮ್ಮೂರವರು ಯಾಕ್ರೀ ಯಾವಾಗಲೂ ಮುಖ ಗಂಟು ಹಾಕ್ಕೊಂಡಿರ್ತಾರೆ?" ಅಂದರು.

ತಡೆಯೋಕಾಗಲಿಲ್ಲ. "ಅವರಿನ್ನೂ ತೋಟ ಮಾರಿಲ್ಲ ಅಂತ ಕಾಣುತ್ತೆ ಕಣ್ರೀ" ಅಂದೆ.

ಅವರಿಗೆ ಕೋಪ ಬರಲಿ ಅಂತಲೇ ಅಂದಿದ್ದು. ಅವರು ನೋಡಿದರೆ ಖುಷಿಯಾಗಿ ನಕ್ಕುಬಿಟ್ಟರು. "ಅದಕ್ಕೇ ಬೇಗ ಹೋಗ್ಬೇಕು. ಈ ಫೋಟೊದಲ್ಲಿರೋ ತೋಟಾನೇ ಕೊಳ್ಳೋಕೆ ನೋಡಿಟ್ಟಿದ್ದೀನಿ. ಮುಂದಿನ ತಿಂಗಳು ಮಾತಾಡಿ ಮುಗಿಸ್ತೀನಿ" ಅಂದರು.

ನಾನು ಸ್ಟಾರ್ಟರ್ ಮುಚ್ಚಿ ಸ್ವಿಚ್ ಒತ್ತಿದೆ. ನೀರು ಬಂತು.

ಆ ತೋಟದವನು ಯಾರೋ ಏನೋ. ಅವನಿಗೂ ಮೋಟರ್ ರಿಪೇರಿ ಬರುತ್ತಿದ್ದರೆ ಸಾಕು.